ಗಟ್ಟಿಯಾಗಿ ಹಿಡಿದರೆ ಬಿಡಿಸಿಕೊಳ್ಳಲಾಗದ ಪಟ್ಟು: ಆತ್ಮರಕ್ಷಣೆಗೆ ಜುಜುತ್ಸು ಎಷ್ಟರ ಮಟ್ಟಿಗೆ ಒದಗುತ್ತದೆ?

ಬಿಳಿಪಟ್ಟಿ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳಿನಿಂದ ವಾರಕ್ಕೆರಡು ಸಂಜೆ ಜಪಾನಿನ ಕಾಳಗವಿದ್ಯೆಯಾದ ಜುಜುತ್ಸು ಕಲಿಯುತ್ತಿದ್ದೇನೆ. ಸ್ಪರ್ಧೆಯ ಆಸೆ ನನಗಿಲ್ಲ. ಯಾರಾದರೂ ಕೈಹಿಡಿದು ಎಳೆದರೆ, ಕುತ್ತಿಗೆಗೆ ಕೈಹಾಕಿದರೆ, ನೆಲಕ್ಕೆ ಕೆಡವಿದರೆ ಬಿಡಿಸಿಕೊಂಡು ಹೋಗುವಷ್ಟು ಬಂದರೆ ಸಾಕು ಎಂದುಕೊಂಡು ಸೇರಿದವಳು ನಾನು. ಮಣಿಕಟ್ಟು ಬಿಡಿಸಿಕೊಳ್ಳುವ ಪಟ್ಟು ನಮಗೆ ಮೊದಲ ವಾರದಲ್ಲೇ ಹೇಳಿಕೊಟ್ಟದ್ದು. ತರಗತಿಯಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಕಳೆದ ಭಾನುವಾರ ಅದನ್ನು ತಮ್ಮನಿಗೆ ತೋರಿಸಲು ಹೋಗಿ ಪೇಚಿಗೆ ಸಿಕ್ಕಿಕೊಂಡೆ. ಅವನು ನನ್ನ ಬಲ ಮಣಿಕಟ್ಟನ್ನು ಹಿಡಿದ, ನಾನು ಕಲಿತಂತೆ ಅವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದೆ. ಅವನ ಕೈಯೂ ನನ್ನ ಕೈಯ ಜೊತೆಗೇ ತಿರುಗಿತು. ಮತ್ತೆ ಎಳೆದೆ, ಅವನು ಇನ್ನಷ್ಟು ಬಿಗಿಹಿಡಿದ. ಕೊನೆಗೆ ಮಣಿಕಟ್ಟು ಕೆಂಪಾದದ್ದೇ ಬಂತು. "ಎಂಟು ತಿಂಗಳು ಹೋಗಿ ಕಲಿತದ್ದು ಇದೇ ಏನಕ್ಕಾ?" ಎಂದು ಅವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಲಹೀನರೂ ಬಲಶಾಲಿಗಳನ್ನು ಎದುರಿಸಬಹುದೆಂಬ ಜುಜುತ್ಸುವಿನ ತತ್ತ್ವವೇ ಅತಿಶಯೋಕ್ತಿಯೋ, ನನ್ನ ಅಭ್ಯಾಸದಲ್ಲಿ ಹುಳುಕಿದೆಯೋ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಳೆಚಾಪೆ

ನಿಮ್ಮ ಬರಹದಲ್ಲಿ ಒಂದು ಪದ ಎರಡು ಸಲ ಬಂದಿದೆ: "ಎಳೆದೆ". ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಇದೆ ಎಂದು ನನ್ನ ಅನಿಸಿಕೆ. ನಾನು ಹದಿನಾಲ್ಕು ವರ್ಷಗಳಿಂದ ಈ ಅಭ್ಯಾಸದಲ್ಲಿದ್ದೇನೆ, ಅದರಲ್ಲಿ ಕಡೆಯ ಐದು ವರ್ಷ ಹೊಸಬರಿಗೆ ಹೇಳಿಕೊಡುವುದೂ ಸೇರಿದೆ. ಹೊಸದಾಗಿ ಬಂದ ಹತ್ತರಲ್ಲಿ ಒಂಬತ್ತು ಮಂದಿ ಮಾಡುವ ತಪ್ಪು ಇದೇ.

ಹಿಡಿದ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಿ. ನಾಲ್ಕು ಬೆರಳುಗಳು ಒಂದು ಕಡೆಯಿಂದ ಸುತ್ತಿ ಬರುತ್ತವೆ, ಹೆಬ್ಬೆರಳು ಒಂಟಿಯಾಗಿ ಇನ್ನೊಂದು ಕಡೆಯಿಂದ ಬರುತ್ತದೆ, ಎರಡೂ ಸೇರುವಲ್ಲಿ ಒಂದು ಸಂದು ಇರುತ್ತದೆ. ನಿಮ್ಮ ಮಣಿಕಟ್ಟಾದರೋ ದುಂಡಗಿಲ್ಲ, ಹಲಗೆಯಂತೆ ಚಪ್ಪಟೆಯಾಗಿದೆ. ಅದರ ಅಗಲದ ಭಾಗವನ್ನು ಸಂದಿನ ಎದುರಿಗಿಟ್ಟು ಎಷ್ಟು ಎಳೆದರೂ ಅದು ಹೊರಬರುವುದಿಲ್ಲ; ಹೆಬ್ಬೆರಳಿನ ಕಡೆಯ ತೆಳ್ಳಗಿನ ಅಂಚು ಸಂದಿಗೆ ನೇರವಾಗಿ ಬರುವಂತೆ ಮೊದಲು ತಿರುಗಿಸಬೇಕು. ಇಷ್ಟನ್ನು ನೀವು ಮಾಡಿದ್ದೀರಿ. ಅದಾದ ಮೇಲೆ ಕೈಯನ್ನು ಹಿಂದಕ್ಕೆ ಸೆಳೆಯದೆ ನಿಮ್ಮ ಮೊಣಕೈಯನ್ನು ಅವನ ಮೊಣಕೈಯ ಕಡೆಗೆ ಒಯ್ಯಬೇಕು, ಅದರ ಜೊತೆಗೆ ಒಂದು ಹೆಜ್ಜೆ ಮುಂದಿಡಬೇಕು. ಆಗ ನಿಮ್ಮ ಮುಂಗೈ ಹಾರೆಯಾಗುತ್ತದೆ, ಅವನ ಹೆಬ್ಬೆರಳ ಬುಡ ಹಾರೆ ಮೀಟುವ ಕಲ್ಲಾಗುತ್ತದೆ. ಹಿಂದಕ್ಕೆ ಎಳೆದರೆ ಅವನ ತೋಳು ಮತ್ತು ಬೆನ್ನಿನ ಬಲದೊಡನೆ ನಿಮ್ಮ ತೋಳಿನ ಬಲ ಹಗ್ಗಜಗ್ಗಾಟ ಆಡಿದಂತೆ. ಮೊಣಕೈಯನ್ನು ಮುಂದೊಯ್ದರೆ ನಿಮ್ಮ ಇಡೀ ಮೈ ಅವನ ಒಂದೇ ಒಂದು ಬೆರಳಿನ ಮೇಲೆ ಬೀಳುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ನೀವು ಏನು ಮಾಡಲಿದ್ದೀರಿ ಎಂಬುದು ತಮ್ಮನಿಗೆ ಮುಂಚಿತವಾಗಿಯೇ ಗೊತ್ತಿತ್ತು, ಅವನಿಗೆ ಅದನ್ನು ತಡೆಯುವುದರ ಹೊರತು ಬೇರೆ ಕೆಲಸವೂ ಇರಲಿಲ್ಲ. ನಿಜವಾಗಿ ಕೈ ಹಿಡಿಯುವವನು ಸುಮ್ಮನೆ ನಿಂತು ಹಿಡಿದುಕೊಂಡಿರುವುದಿಲ್ಲ. ಎಲ್ಲಿಗೋ ಎಳೆಯುತ್ತಾನೆ ಅಥವಾ ದೂಡುತ್ತಾನೆ. ಆ ಎಳೆತವೇ ನಿಮ್ಮ ಬಂಡವಾಳ. ಜುಜುತ್ಸುವಿನಿಂದ ಜೂಡೋ ಕಟ್ಟಿದ ಕಾನೋ ಜಿಗೊರೊ "ಜು", ಅಂದರೆ ಮಣಿಯುವುದು, ಎಂಬ ಮಾತನ್ನು ವಿವರಿಸುವಾಗ ಸರಳವಾದ ಒಂದು ಲೆಕ್ಕ ಕೊಡುತ್ತಿದ್ದರು. ಎದುರಾಳಿಯ ಬಲ 10, ನನ್ನದು 7 ಎಂದಿಟ್ಟುಕೊಳ್ಳಿ. ಅವನು ದೂಡಿದಾಗ ನಾನು ಎದುರು ದೂಡಿದರೆ ಸೋಲುವುದು ನಿಶ್ಚಿತ. ಅವನು ದೂಡಿದಷ್ಟೇ ನಾನು ಹಿಂದೆ ಸರಿದು, ನನ್ನ ಆಯವನ್ನು ಮಾತ್ರ ಕಾಪಾಡಿಕೊಂಡರೆ ಅವನು ಮುಂದಕ್ಕೆ ವಾಲುತ್ತಾನೆ. ಆಯ ತಪ್ಪಿದ ಆ ಗಳಿಗೆಯಲ್ಲಿ ಅವನ ಬಲ 3ಕ್ಕೆ ಇಳಿದಿರುತ್ತದೆ, ನನ್ನ 7 ಹಾಗೆಯೇ ಇರುತ್ತದೆ. ಅದರಲ್ಲಿ ಅರ್ಧವನ್ನು ಬಳಸಿದರೂ ಸಾಕು. ಜಪಾನಿಗಳು ಇದನ್ನು ಕುಜುಶಿ ಎನ್ನುತ್ತಾರೆ. ಆಯ ತಪ್ಪಿಸುವುದು ಎಂದರೆ ನಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅದು ಆಗದೆ ಹಾಕಿದ ಪಟ್ಟು ಎಷ್ಟೇ ಅಂದವಾಗಿದ್ದರೂ ಬರಿಯ ಅಭಿನಯ.

ನಿಧಾನಿ

ಹಳೆಚಾಪೆಯವರ ಯಂತ್ರಶಾಸ್ತ್ರವನ್ನು ಒಪ್ಪುತ್ತೇನೆ, ಆದರೆ 10 ಮತ್ತು 7ರ ಲೆಕ್ಕವನ್ನು ಸ್ವಲ್ಪ ಅನುಮಾನದಿಂದ ನೋಡುತ್ತೇನೆ. ಶಕ್ತಿಗಿಂತ ಯುಕ್ತಿ ಮೇಲು ಎಂಬ ಮಾತನ್ನು ಕೇಳಿ ಕೇಳಿ ನಾವು ಶಕ್ತಿಯೇ ಲೆಕ್ಕಕ್ಕಿಲ್ಲ ಎಂದು ತಿಳಿದುಬಿಟ್ಟಿದ್ದೇವೆ. ಆ ಲೆಕ್ಕದಲ್ಲಿ ಎದುರಾಳಿಗೆ ಏನೂ ತಿಳಿಯದು ಎಂಬ ಒಂದು ಷರತ್ತು ಅಡಗಿದೆ. ಅವನಿಗೂ ತಿಳಿದಿದ್ದರೆ?

ಇದಕ್ಕೆ ಉತ್ತರ 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಸಿಕ್ಕಿದೆ. ಜೂಡೋ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಬಂದ ವರ್ಷ ಅದು. ಮೂರು ತೂಕದ ವಿಭಾಗಗಳ ಜೊತೆಗೆ ತೂಕದ ಕಟ್ಟಿಲ್ಲದ ಮುಕ್ತ ವಿಭಾಗವೂ ಇತ್ತು. ಆ ಮುಕ್ತ ವಿಭಾಗದ ಅಂತಿಮ ಸುತ್ತಿನಲ್ಲಿ ನೆದರ್ಲೆಂಡ್ಸಿನ ಆಂಟನ್ ಗೀಸಿಂಕ್, ಜಪಾನಿನ ಅಕಿಯೊ ಕಾಮಿನಾಗ ಅವರನ್ನು ತವರಿನ ಪ್ರೇಕ್ಷಕರ ಎದುರಿನಲ್ಲೇ ನೆಲಕ್ಕೆ ಒತ್ತಿ ಹಿಡಿದು ಗೆದ್ದರು. ಗೀಸಿಂಕ್ ಅವರ ಎತ್ತರ ಸುಮಾರು 198 ಸೆಂಟಿಮೀಟರ್. ಅವರು ಬರಿಯ ಬಲಾಢ್ಯರಾಗಿರಲಿಲ್ಲ, ಜೂಡೋವನ್ನು ಆಳವಾಗಿ ಕಲಿತವರೂ ಆಗಿದ್ದರು. ವಿದ್ಯೆ ಸರಿಸಮಾನವಾದಾಗ ದೇಹವೂ ಮಾತನಾಡುತ್ತದೆ. ಇಂದು ಒಲಿಂಪಿಕ್ ಜೂಡೋದಲ್ಲಿ ಪುರುಷರಿಗೆ ಏಳು, ಮಹಿಳೆಯರಿಗೆ ಏಳು ತೂಕದ ವಿಭಾಗಗಳಿರುವುದು ಸುಮ್ಮನೆ ಅಲ್ಲ.

ಆದ್ದರಿಂದ ಮೂಲ ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ ಹೀಗಿದೆ: ಜುಜುತ್ಸು ಕಲಿತ ಸಣ್ಣ ಮೈಕಟ್ಟಿನವರು ಕಲಿಯದ ದೊಡ್ಡ ಮೈಕಟ್ಟಿನವರಿಗಿಂತ ಬಲಶಾಲಿಗಳಾಗುವುದಿಲ್ಲ. ನಡುವಿನ ಅಂತರ ಒಂದಿಷ್ಟು ಕಡಿಮೆಯಾಗುತ್ತದೆ. ಆ ಒಂದಿಷ್ಟಕ್ಕಾಗಿ ವರ್ಷಗಳ ಶ್ರಮ ಹಾಕಬೇಕೇ ಎಂಬುದು ಅವರವರ ತೀರ್ಮಾನ. ಹಾಕಬೇಕು ಎಂಬುದು ನನ್ನದು.

ಹಳೆಚಾಪೆ

ನಿಧಾನಿಯವರ ಮಾತು ನ್ಯಾಯವಾದದ್ದು. ಆದರೆ ಆ ಷರತ್ತಿನ ಇನ್ನೊಂದು ಮುಖವನ್ನೂ ನೋಡಬೇಕು, ಅದಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಬೇಸರಿಸದೆ ಓದಿ.

ಜುಜುತ್ಸು ಹುಟ್ಟಿದ್ದು ಬರಿಗೈಯ ಕಾಳಗವಾಗಿ ಅಲ್ಲ. ಇಂದಿಗೂ ಉಳಿದುಬಂದಿರುವ ಹಳೆಯ ಪರಂಪರೆಗಳಲ್ಲಿ ಒಂದಾದ ತಾಕೆನೊಉಚಿ ಪಂಥವು ತನ್ನ ಆರಂಭವನ್ನು 1532ಕ್ಕೆ ಒಯ್ಯುತ್ತದೆ; ಜಪಾನಿನ ಒಳಯುದ್ಧಗಳ ಕಾಲ ಅದು. ಮೈಮೇಲೆ ಕವಚ, ಸೊಂಟದಲ್ಲಿ ಕತ್ತಿ ಇರುವ ಇಬ್ಬರು ತೀರಾ ಹತ್ತಿರ ಬಂದಾಗ, ಕವಚದ ಮೇಲೆ ಗುದ್ದಿ ಪ್ರಯೋಜನವಿಲ್ಲದ್ದರಿಂದ ಕೆಡವುವುದು, ಕೀಲು ತಿರುಚುವುದು, ನೆಲಕ್ಕೆ ಒತ್ತಿ ಹಿಡಿಯುವುದು ಮುಖ್ಯವಾದವು. ಮಣಿಕಟ್ಟು ಹಿಡಿಯುವ ಮತ್ತು ಬಿಡಿಸಿಕೊಳ್ಳುವ ಪಟ್ಟುಗಳು ಹಳೆಯ ಪಂಥಗಳಲ್ಲಿ ಅಷ್ಟೊಂದು ಇರುವುದೇಕೆ ಎಂದು ಹೊಸಬರು ಕೇಳುವುದುಂಟು. ಕತ್ತಿ ಹಿರಿಯಲು ಹೊರಟ ಕೈಯನ್ನು ತಡೆಯಬೇಕಿದ್ದವರಿಗೆ ಮಣಿಕಟ್ಟಿಗಿಂತ ಮಹತ್ತ್ವದ ಜಾಗ ಬೇರೊಂದಿರಲಿಲ್ಲ.

ಕಾನೋ ಅವರು ಹದಿಹರೆಯದಲ್ಲಿ ತೆಂಜಿನ್ ಶಿನ್‌ಯೊ ಪಂಥದಲ್ಲಿ, ಆಮೇಲೆ ಕಿತೊ ಪಂಥದಲ್ಲಿ ಕಲಿತು, 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಕೊಡೊಕಾನ್ ಎಂಬ ಜೂಡೋ ಶಾಲೆಯನ್ನು ಆರಂಭಿಸಿದರು. ಅವರು ಕಣ್ಣಿಗೆ ಚುಚ್ಚುವುದು, ಬೆರಳು ಮುರಿಯುವುದು ಮುಂತಾದ ಅಪಾಯದ ವಿದ್ಯೆಗಳನ್ನು ಎದುರುಬದುರಿನ ಅಭ್ಯಾಸದಿಂದ ಹೊರಗಿಟ್ಟರು. ಹೀಗೆ ಹಲ್ಲು ಕಿತ್ತ ವಿದ್ಯೆ ದುರ್ಬಲವಾಗಬೇಕಿತ್ತು. ಆದದ್ದು ಬೇರೆ. ಅಪಾಯದ ಪಟ್ಟನ್ನು ಜೊತೆಗಾರನ ಮೇಲೆ ಪೂರ್ಣ ಬಲದಿಂದ ಯಾರೂ ಹಾಕಲಾರರು, ಆದ್ದರಿಂದ ಅದನ್ನು ಜೀವಮಾನವಿಡೀ ನಟಿಸುತ್ತಲೇ ಇರಬೇಕಾಗುತ್ತದೆ. ಅಪಾಯವಿಲ್ಲದ ಪಟ್ಟನ್ನು ಒಪ್ಪದ ಎದುರಾಳಿಯ ಮೇಲೆ, ಎಲ್ಲ ಬಲ ಹಾಕಿ, ದಿನಕ್ಕೆ ಐವತ್ತು ಸಲ ಪ್ರಯತ್ನಿಸಬಹುದು. ಮೊದಲಿನದು ಕಾತಾ, ಎರಡನೆಯದು ರಂದೋರಿ. ಬಿಳಿಪಟ್ಟಿಯವರ ಎಂಟು ತಿಂಗಳು ಬಹುಶಃ ಕಾತಾದಲ್ಲೇ ಕಳೆದಿವೆ. ಭಾನುವಾರ ತಮ್ಮನೊಡನೆ ನಡೆದದ್ದು ಅವರ ಮೊದಲ ರಂದೋರಿ ಎಂದು ನಾನು ತಿಳಿಯುತ್ತೇನೆ.

ಈ ಎಳೆ ಮುಂದೆ ಬ್ರೆಜಿಲಿಗೂ ಹೋಯಿತು. ಕೊಡೊಕಾನಿನಲ್ಲಿ ಪಳಗಿದ ಮಿತ್ಸುಯೊ ಮಾಯೆದಾ 1914ರಲ್ಲಿ ಅಲ್ಲಿಗೆ ತಲುಪಿದರು. ಅವರಿಂದ ಕಾರ್ಲೋಸ್ ಗ್ರೇಸಿ ಕಲಿತರು, ಆ ಮನೆತನ ನೆಲದ ಮೇಲಿನ ಕಾಳಗವನ್ನು ವಿಸ್ತರಿಸಿತು. 1993ರಲ್ಲಿ ಅಮೆರಿಕದ ಡೆನ್ವರಿನಲ್ಲಿ ನಡೆದ, ಬೇರೆ ಬೇರೆ ಕಾಳಗವಿದ್ಯೆಗಳವರು ಸೆಣಸುವ ಯುಎಫ್‌ಸಿಯ ಮೊದಲ ಪಂದ್ಯಾವಳಿಯಲ್ಲಿ ತೆಳ್ಳಗಿನ ಮೈಕಟ್ಟಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಆ ಮೂವರೂ ತಮ್ಮ ತಮ್ಮ ಹಾದಿಯಲ್ಲಿ ಪಳಗಿದವರೇ. ನೆಲದ ಮೇಲೆ ಕತ್ತು ಅಮುಕುವ ಪಟ್ಟುಗಳಿಗೆ ಮಾತ್ರ ಅವರು ಸಾಕಷ್ಟು ಸಿದ್ಧರಾಗಿರಲಿಲ್ಲ. ನಿಧಾನಿಯವರು ಹೇಳಿದ ಷರತ್ತು ಅಲ್ಲಿ ಈಡೇರಿತ್ತು, ಬೀದಿಯಲ್ಲೂ ಬಹಳ ಸಲ ಈಡೇರಿರುತ್ತದೆ.

ಮೂಳೆವೈದ್ಯೆ

ಚರ್ಚೆ ಪಟ್ಟುಗಳ ಸುತ್ತಲೇ ತಿರುಗುತ್ತಿರುವುದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ. ವೃತ್ತಿಯಿಂದ ನಾನು ಮೂಳೆತಜ್ಞೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ಕಲಿಯಲು ಆರಂಭಿಸಿ ಏಳು ವರ್ಷವಾಯಿತು. ಜುಜುತ್ಸುವಿನಲ್ಲಿ ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತವಾದ ಆತ್ಮರಕ್ಷಣೆಯ ಪಾಠ ಯಾವುದೆಂದರೆ ಬೀಳುವುದು. ಯಾರೂ ಕೈಹಾಕದೆಯೂ ಜೀವಮಾನದಲ್ಲಿ ನಾವು ಎಷ್ಟೋ ಸಲ ಬೀಳುತ್ತೇವೆ. ಬೀಳುವಾಗ ಕೈಚಾಚಿ ನೆಲಕ್ಕೆ ಊರುವುದು ಸಹಜ ಪ್ರವೃತ್ತಿ. ಆಗ ಇಡೀ ಮೈಭಾರ ಮಣಿಕಟ್ಟಿನ ಬಳಿಯ ರೇಡಿಯಸ್ ಮೂಳೆಯ ಮೇಲೆ ಬೀಳುತ್ತದೆ. ನನ್ನ ಕೊಠಡಿಗೆ ಪ್ಲಾಸ್ಟರಿಗೆಂದು ಬರುವವರಲ್ಲಿ ಇದು ನಿತ್ಯದ ದೃಶ್ಯ.

ಉಕೆಮಿ ಎಂಬ ಬೀಳುವ ವಿದ್ಯೆ ಆ ಪ್ರವೃತ್ತಿಯನ್ನೇ ಬದಲಿಸುತ್ತದೆ. ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೆ ಒತ್ತಿ ಸ್ವಂತ ಸೊಂಟಪಟ್ಟಿಯ ಗಂಟನ್ನು ನೋಡಬೇಕು, ಏಕೆಂದರೆ ಹಿಂದಲೆ ನೆಲಕ್ಕೆ ಬಡಿಯುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ಬೆನ್ನನ್ನು ಬಿಲ್ಲಿನಂತೆ ದುಂಡಗೆ ಮಾಡಿ ಮೊದಲು ಪೃಷ್ಠ, ಆಮೇಲೆ ಬೆನ್ನು ತಾಗುವಂತೆ ಉರುಳಬೇಕು, ಉಸಿರು ಬಿಡಬೇಕು, ಅಂಗೈಯಿಂದ ಮೊಣಕೈವರೆಗಿನ ಇಡೀ ತೋಳನ್ನು ಮೈಯಿಂದ ಸುಮಾರು 45 ಡಿಗ್ರಿ ದೂರದಲ್ಲಿ ನೆಲಕ್ಕೆ ಬಡಿಯಬೇಕು. ಪೆಟ್ಟು ಹೆಚ್ಚು ಜಾಗಕ್ಕೆ ಹಂಚಿಹೋಗಬೇಕು, ಹೆಚ್ಚು ಹೊತ್ತಿಗೆ ಹರಡಬೇಕು ಎಂಬ ಭೌತವಿಜ್ಞಾನವಷ್ಟೇ ಇದರ ಹಿಂದಿರುವುದು. ಗಟ್ಟಿ ನೆಲದ ಮೇಲೆ ಚಾಪೆಯ ಮೇಲಿನಂತೆ ಜೋರಾಗಿ ಕೈಬಡಿದರೆ ಕೈಗೇ ನೋವಾಗುತ್ತದೆ, ಅಲ್ಲಿ ಉರುಳುವಿಕೆಗೆ ಹೆಚ್ಚು ಒತ್ತು ಕೊಡಿ.

ಕತ್ತು ಅಮುಕುವ ಪಟ್ಟುಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಕತ್ತಿನ ಎರಡೂ ಪಕ್ಕದ ಕ್ಯಾರೋಟಿಡ್ ರಕ್ತನಾಳಗಳನ್ನು ಸರಿಯಾಗಿ ಒತ್ತಿದರೆ ಸುಮಾರು 10 ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ; ಮುಂಭಾಗದ ಶ್ವಾಸನಾಳವನ್ನು ಒತ್ತಿದರೆ ನೋವು ಮತ್ತು ಒದ್ದಾಟ ಹೆಚ್ಚು, ಅಲ್ಲಿನ ಮೃದ್ವಸ್ಥಿ ಮುರಿಯುವ ಅಪಾಯವೂ ಇದೆ. ಜೊತೆಗಾರ ಕೈತಟ್ಟಿದೊಡನೆ ಬಿಡಬೇಕು, ಕೈತಟ್ಟುವ ಮೊದಲೇ ಮೈ ಸಡಿಲವಾದರೂ ಬಿಡಬೇಕು. ನಾನು ಹಿಂದೆ ಹೋಗುತ್ತಿದ್ದ ಒಂದು ಅಭ್ಯಾಸಸ್ಥಳದಲ್ಲಿ ಪ್ರಜ್ಞೆ ತಪ್ಪಿದ ಹುಡುಗನನ್ನು ಎಬ್ಬಿಸಿ, ನೀರು ಕುಡಿಸಿ, ಐದು ನಿಮಿಷದಲ್ಲಿ ಮತ್ತೆ ಅಭ್ಯಾಸಕ್ಕೆ ಇಳಿಸಿದರು. ಅದು ಗಟ್ಟಿತನದ ಲಕ್ಷಣವೆಂದು ಅಲ್ಲಿದ್ದವರೆಲ್ಲ ನಕ್ಕರು. ನಾನು ಅಂದೇ ಆ ಜಾಗ ಬಿಟ್ಟೆ. ಆ ದಿನ ಅವನ ಅಭ್ಯಾಸ ಅಲ್ಲಿಗೆ ಮುಗಿಯಬೇಕಿತ್ತು. ಆಮೇಲೆ ತಲೆನೋವು, ಕತ್ತುನೋವು, ಮಾತಿನ ತೊದಲು ಏನಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಿಳಿಪಟ್ಟಿ

ಎಲ್ಲರಿಗೂ ಧನ್ಯವಾದಗಳು. ಮೊಣಕೈ ಮುಂದೊಯ್ಯುವ ಮಾತನ್ನು ಓದಿ ನಾಚಿಕೆಯಾಯಿತು, ತರಗತಿಯಲ್ಲಿ ಹೇಳಿದ್ದರೂ ಹೇಳಿರಬಹುದು, ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ನಿಜವಾದ ಭಯ ಬೇರೆ ಇದೆ: ಯಾರಾದರೂ ಕೆಡವಿ ಹೊಟ್ಟೆಯ ಮೇಲೆ ಕುಳಿತರೆ? ನನ್ನ ತೂಕ 52 ಕಿಲೋ. ನಿಂತು ಮಾಡುವ ಪಟ್ಟುಗಳೆಲ್ಲ ಅಲ್ಲಿಗೆ ಮುಗಿದುಹೋದವಲ್ಲವೇ? ಚಾಕು ಹಿಡಿದವರ ಕೈಯಿಂದ ಅದನ್ನು ಕಸಿಯುವುದನ್ನೂ ನಮಗೆ ಮುಂದಿನ ತಿಂಗಳು ಕಲಿಸುತ್ತಾರಂತೆ.

ಸಂಜೆಪಾಳಿ

ಚಾಕುವಿನ ವಿಷಯವನ್ನು ಮೊದಲು ಮುಗಿಸೋಣ. ನಾನೂ ಒಂದು ಕಡೆ ಆ ಪಾಠ ಕಲಿತೆ. ರಬ್ಬರ್ ಚಾಕು ಹಿಡಿದ ಜೊತೆಗಾರ ಒಂದು ಹೆಜ್ಜೆ ಮುಂದಿಟ್ಟು, ಕೈಚಾಚಿ, ಹಾಗೆಯೇ ಕಲ್ಲಿನಂತೆ ನಿಲ್ಲುತ್ತಿದ್ದ. ನಾನು ಮಣಿಕಟ್ಟು ಹಿಡಿದು ತಿರುಚಿ ಚಾಕು ಕಸಿಯುತ್ತಿದ್ದೆ. ಬಹಳ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಮನೆಯಲ್ಲಿ ಹಳೆಯ ಬಿಳಿ ಅಂಗಿ ತೊಟ್ಟು, ಗೆಳತಿಯ ಕೈಗೆ ಕೆಂಪು ಸ್ಕೆಚ್ ಪೆನ್ ಕೊಟ್ಟು, ನಿನಗೆ ತೋಚಿದಂತೆ ಚುಚ್ಚು ಎಂದೆ. ಅವಳು ಎಲ್ಲಿಯೂ ಏನನ್ನೂ ಕಲಿತವಳಲ್ಲ. ಅರ್ಧ ನಿಮಿಷವೂ ಆಗಿರಲಿಲ್ಲ, ನನ್ನ ಅಂಗಿಯ ಮೇಲೆ ಹನ್ನೊಂದು ಗೆರೆಗಳಿದ್ದವು, ಅದರಲ್ಲಿ ಮೂರು ಹೊಟ್ಟೆಯ ಮೇಲೆ, ಒಂದು ಕತ್ತಿನ ಪಟ್ಟಿಯ ಹತ್ತಿರ. ಅವಳು ಕೈಚಾಚಿ ನಿಲ್ಲಲೇ ಇಲ್ಲ. ಚುಚ್ಚಿದ ಕೈಯನ್ನು ಅಷ್ಟೇ ಬೇಗ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆ ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದೇನೆ. ಚಾಕು ಕಂಡರೆ ಓಡಬೇಕು. ಕೇಳಿದ ವಸ್ತುವನ್ನು ದೂರಕ್ಕೆಸೆದು ಇನ್ನೊಂದು ದಿಕ್ಕಿಗೆ ಓಡಬೇಕು. ನಡುವೆ ಮೇಜೋ ವಾಹನವೋ ಬರುವಂತೆ ನೋಡಿಕೊಳ್ಳಬೇಕು. ಓಡಲು ದಾರಿಯೇ ಇಲ್ಲದಾಗ ಮಾತ್ರ ಚಾಕು ಹಿಡಿದ ತೋಳನ್ನು ಎರಡೂ ಕೈಯಿಂದ ಅಪ್ಪಿ ಹಿಡಿಯುವ ಪ್ರಯತ್ನ, ಅದೂ ಗಾಯವಾಗುತ್ತದೆ ಎಂಬ ಅರಿವಿನೊಡನೆ.

ಮೈಮೇಲೆ ಕುಳಿತವನ ವಿಷಯಕ್ಕೆ ಬಂದರೆ ನಿಮಗೆ ಸಮಾಧಾನದ ಸುದ್ದಿಯಿದೆ. ಜುಜುತ್ಸು ಬೇರೆಲ್ಲ ವಿದ್ಯೆಗಳಿಗಿಂತ ಹೆಚ್ಚು ಯೋಚಿಸಿರುವುದು ಈ ಸ್ಥಿತಿಯ ಬಗ್ಗೆಯೇ. ಕುಳಿತವನನ್ನು ಎತ್ತಿ ಎಸೆಯಲು ಹೋಗಬೇಡಿ, ನಾಲ್ಕು ಕಾಲಿನ ಮೇಜನ್ನು ನೆನಪಿಸಿಕೊಳ್ಳಿ. ಅವನ ಎರಡು ಮೊಣಕಾಲು, ನೆಲಕ್ಕೂ ನಿಮ್ಮ ಮೈಗೂ ಊರುವ ಎರಡು ಕೈ, ಇವೇ ಆ ಕಾಲುಗಳು. ಒಂದೇ ಬದಿಯ ಎರಡು ಕಾಲುಗಳನ್ನು ತೆಗೆದರೆ ಮೇಜು ಆ ಬದಿಗೆ ಬೀಳಲೇಬೇಕು.

ಮಾಡುವ ಬಗೆ ಹೀಗೆ. ನಿಮ್ಮ ಹಿಮ್ಮಡಿಗಳನ್ನು ಪೃಷ್ಠಕ್ಕೆ ಆದಷ್ಟು ಹತ್ತಿರ ತನ್ನಿ. ಅವನು ಕತ್ತಿಗೋ ಎದೆಗೋ ಕೈಯಿಟ್ಟಾಗ ಅವನ ಒಂದು ತೋಳನ್ನು, ಎಡದ್ದು ಬಲದ್ದು ಯಾವುದಾದರೂ ಸರಿ, ಮಣಿಕಟ್ಟು ಮತ್ತು ಮೊಣಕೈಯ ಮೇಲ್ಭಾಗ ಎರಡೂ ಕಡೆ ಹಿಡಿದು ನಿಮ್ಮ ಎದೆಗೆ ಅಂಟಿಸಿಕೊಳ್ಳಿ. ಅದೇ ಬದಿಯ ನಿಮ್ಮ ಪಾದವನ್ನು ಅವನ ಪಾದದ ಹೊರಗಡೆಗೆ ತಂದು ಕೊಕ್ಕೆಯಂತೆ ಸಿಕ್ಕಿಸಿ. ಈಗ ಆ ಬದಿಗೆ ಊರಲು ಅವನಿಗೆ ಕೈಯೂ ಇಲ್ಲ, ಕಾಲೂ ಇಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ನೇರವಾಗಿ ಪಕ್ಕಕ್ಕೆ ಉರುಳಲು ನೋಡುತ್ತಾರೆ, ಅವನ ಭಾರ ನಿಮ್ಮ ಸೊಂಟದ ಮೇಲೇ ಉಳಿಯುತ್ತದೆ. ಮೊದಲು ಸೊಂಟವನ್ನು ಸೂರಿನ ಕಡೆಗೆ ಚಿಮ್ಮಿಸಿ, ಅವನು ನಿಮ್ಮ ತಲೆಯ ಕಡೆಗೆ ವಾಲುತ್ತಾನೆ. ಆಮೇಲೆ ಹಿಡಿದ ತೋಳಿನ ಕಡೆಯ ನಿಮ್ಮ ಭುಜದ ಮೇಲೆ ಓರೆಯಾಗಿ ಉರುಳಿ. ನಾನು ನಿಮಗಿಂತ ಎರಡು ಕಿಲೋ ಹೆಚ್ಚು, ಅಷ್ಟೇ. ಸುಮಾರು 85 ಕಿಲೋ ತೂಕದ, ನಿಜವಾಗಿಯೂ ಒಪ್ಪದ ಜೊತೆಗಾರನನ್ನು ಮೊದಲ ಸಲ ಹೀಗೆ ಉರುಳಿಸಲು ನನಗೆ ಐದು ತಿಂಗಳು ಹಿಡಿಯಿತು. ಈಗಲೂ ಪ್ರತಿಸಲ ಆಗುವುದಿಲ್ಲ. ಆಗದಿದ್ದರೆ ಅವನು ಆಯ ಉಳಿಸಿಕೊಳ್ಳಲು ಮುಂದಕ್ಕೆ ಕೈಯೂರುತ್ತಾನೆ, ಅಷ್ಟರಲ್ಲಿ ನೀವು ಪಕ್ಕಕ್ಕೆ ಹೊರಳಿ, ಮೊಣಕೈಯಿಂದ ಅವನ ಮೊಣಕಾಲನ್ನು ತಳ್ಳಿ, ಸೀಗಡಿಯಂತೆ ಮೈ ಬಗ್ಗಿಸಿ ಹಿಂದೆ ಸರಿದು ನಿಮ್ಮ ಮೊಣಕಾಲನ್ನು ನಡುವೆ ತೂರಿಸಬಹುದು. ಒಂದು ಪಟ್ಟು ಸೋತ ಜಾಗದಲ್ಲೇ ಇನ್ನೊಂದಕ್ಕೆ ದಾರಿಯಾಗುತ್ತದೆ.

ನಿಧಾನಿ

ಉರುಳಿಸಿದ ಮೇಲೆ ಏನು? ಸ್ಪರ್ಧೆಯಲ್ಲಿ ಅಭ್ಯಾಸ ಮಾಡಿದವರು ಅಲ್ಲಿಯೇ ಉಳಿದು ಪಟ್ಟು ಹುಡುಕುತ್ತಾರೆ, ಏಕೆಂದರೆ ಅಂಕ ಸಿಗುವುದು ಅದಕ್ಕೆ. ಕಾಂಕ್ರೀಟಿನ ಮೇಲೆ, ಎದುರಾಳಿಯ ಗೆಳೆಯರು ಎಲ್ಲಿದ್ದಾರೋ ತಿಳಿಯದಿರುವಾಗ, ನೆಲದ ಮೇಲೆ ಒಂದು ಸೆಕೆಂಡು ಹೆಚ್ಚು ಇರುವುದೂ ದಡ್ಡತನ. ಒಬ್ಬನ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಮಲಗಿರುವವರ ತಲೆ ಎರಡನೆಯವನ ಬೂಟಿಗೆ ಎಷ್ಟು ಸುಲಭದ ಗುರಿ ಎಂದು ಯೋಚಿಸಿ.

ಅದಕ್ಕಾಗಿ ಏಳುವುದನ್ನೂ ಪಟ್ಟಿನಂತೆಯೇ ಕಲಿಯಬೇಕು. ಎದುರಾಳಿಗೆ ಬೆನ್ನು ಕೊಟ್ಟು ಅಂಬೆಗಾಲಿನಲ್ಲಿ ಏಳಬಾರದು. ಕುಳಿತ ಸ್ಥಿತಿಯಲ್ಲಿ ಬಲಗೈಯನ್ನು ಹಿಂದಕ್ಕೆ ಊರಿ, ಎಡಪಾದವನ್ನು ನೆಲಕ್ಕೆ ಒತ್ತಿ, ಎಡಗೈಯನ್ನು ಮುಖದ ಮುಂದಿಟ್ಟು, ಊರಿದ ಬಲಗೈ ಮತ್ತು ಎಡಪಾದಗಳ ಮೇಲೆ ಸೊಂಟ ಎತ್ತಿ, ಬಲಗಾಲನ್ನು ಮೈಯಡಿಯಿಂದ ಹಿಂದಕ್ಕೆ ಸೆಳೆದು ನಿಲ್ಲಬೇಕು; ಕಣ್ಣು ಎದುರಾಳಿಯ ಮೇಲೇ ಇರಬೇಕು. ದಿನಕ್ಕೆ ಇಪ್ಪತ್ತು ಸಲ ಒಬ್ಬರೇ ಮಾಡಬಹುದಾದ ಅಭ್ಯಾಸ, ಜೊತೆಗಾರರೂ ಬೇಕಿಲ್ಲ.

ಈ ದೃಷ್ಟಿಯಿಂದ ನನಗೆ ಅಚ್ಚುಮೆಚ್ಚಿನ ಉದಾಹರಣೆ ಲಂಡನ್ನಿನ ಎಡಿತ್ ಗ್ಯಾರಡ್ ಅವರದು. 150 ಸೆಂಟಿಮೀಟರಿನಷ್ಟು ಎತ್ತರದ ಆಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಮಹಿಳೆಯರಿಗೆ ಜುಜುತ್ಸು ಕಲಿಸಿದರು. 1913ರ ಹೊತ್ತಿಗೆ ಆ ಮಹಿಳೆಯರದೇ ಒಂದು ಕಾವಲುಪಡೆ ಸಿದ್ಧವಾಗಿತ್ತು. ಪೊಲೀಸರನ್ನು ಸೋಲಿಸುವುದು ಆ ಪಡೆಯ ಕೆಲಸವಾಗಿರಲಿಲ್ಲ, ಅದು ಸಾಧ್ಯವೂ ಇರಲಿಲ್ಲ. ತಮ್ಮ ನಾಯಕಿಯನ್ನು ಬಂಧಿಸಲು ಬಂದವರನ್ನು ಗೊಂದಲಕ್ಕೆ ಕೆಡವಿ ತಡಮಾಡಿಸಿದರೆ ಅಷ್ಟರಲ್ಲಿ ಆಕೆ ತಪ್ಪಿಸಿಕೊಳ್ಳಬಹುದಿತ್ತು. ತಮಗೆ ಬೇಕಾದದ್ದು ಕೆಲವು ಗಳಿಗೆಗಳು ಮಾತ್ರ ಎಂಬುದು ಅವರಿಗೆ ಸ್ಪಷ್ಟವಾಗಿ ಗೊತ್ತಿತ್ತು. ಇಂದಿನ ಬಹುಪಾಲು ಆತ್ಮರಕ್ಷಣೆಯ ತರಗತಿಗಳಲ್ಲಿ ಆ ಸ್ಪಷ್ಟತೆ ಕಾಣುವುದಿಲ್ಲ.

ಮೂಳೆವೈದ್ಯೆ

ಒಂದು ಸಣ್ಣ ಸೇರ್ಪಡೆ. ಬಿಡಿಸಿಕೊಂಡ ಮೇಲೂ ಹೊಡೆಯುತ್ತ ನಿಲ್ಲುವುದು ಇನ್ನೊಂದು ಕಾರಣಕ್ಕೂ ತಪ್ಪು. ಬಹುತೇಕ ದೇಶಗಳ ಕಾನೂನು ಆತ್ಮರಕ್ಷಣೆಗೆ ಬಳಸಿದ ಬಲವನ್ನು ಎರಡು ಪ್ರಶ್ನೆಗಳಿಂದ ಅಳೆಯುತ್ತದೆ: ಆ ಕ್ಷಣದಲ್ಲಿ ಅದು ಅಗತ್ಯವಾಗಿತ್ತೇ, ಎದುರಿದ್ದ ಅಪಾಯಕ್ಕೆ ತಕ್ಕಷ್ಟೇ ಇತ್ತೇ? ಕೈಹಿಡಿದವನ ಕೈಯಿಂದ ಬಿಡಿಸಿಕೊಳ್ಳುವುದಕ್ಕೂ ಬಿಡಿಸಿಕೊಂಡ ನಂತರ ಅವನ ಮೊಣಕೈ ಮುರಿಯುವುದಕ್ಕೂ ನ್ಯಾಯಾಲಯದಲ್ಲಿ ಅಜಗಜಾಂತರವಿದೆ. ಗುದ್ದಿಗಿಂತ ಹಿಡಿತಕ್ಕೆ ಇರುವ ಅನುಕೂಲವೆಂದರೆ, ಹಿಡಿತದ ಬಿಗಿಯನ್ನು ಹೆಚ್ಚು ಕಡಿಮೆ ಮಾಡಬಹುದು. ಬಿದ್ದ ಗುದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು.

ಹಳೆಚಾಪೆ

ಬಿಳಿಪಟ್ಟಿಯವರು ಮುಂದೆ ಅಭ್ಯಾಸವನ್ನು ಹೇಗೆ ಕಟ್ಟಿಕೊಳ್ಳಬಹುದು ಎಂಬುದರ ಬಗ್ಗೆ ನನ್ನ ಅನುಭವದ ನಾಲ್ಕು ಮಾತು. ಹೊಸ ಪಟ್ಟನ್ನು ಕಲಿಯುವಾಗ ಜೊತೆಗಾರ ಸುಮ್ಮನಿರಲಿ, ಅದರಲ್ಲಿ ತಪ್ಪಿಲ್ಲ. ಅಕ್ಷರ ತಿದ್ದುವವರಿಗೆ ಸ್ಲೇಟು ಅಲುಗಾಡಬಾರದು. ಕೈಗೆ ಅದು ಕೂತ ಮೇಲೆ ಜೊತೆಗಾರ ಮೂರನೆಯ ಒಂದು ಪಾಲು ಬಲ ಹಾಕಲಿ, ಆಮೇಲೆ ಅರ್ಧ, ಆಮೇಲೆ ನಿಂತಲ್ಲೇ ನಿಲ್ಲದೆ ಎಳೆಯಲಿ, ದೂಡಲಿ. ಕಡೆಯ ಹಂತದಲ್ಲಿ ಅವನು ಯಾವಾಗ, ಯಾವ ಕಡೆಯಿಂದ ಹಿಡಿಯುತ್ತಾನೆ ಎಂಬುದೂ ನಿಮಗೆ ತಿಳಿದಿರಬಾರದು. ಈ ಮೆಟ್ಟಿಲುಗಳಲ್ಲಿ ಒಂದನ್ನು ಹಾರಿಸಿದರೂ ಭಾನುವಾರದ ಪಾಡೇ ಆಗುತ್ತದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಹಳೆಯ ಪಂಥಗಳು ಪಟ್ಟಿಗೆ ಮೊದಲು ಅತೆಮಿ ಎಂಬ ಒಂದು ಚಿಕ್ಕ ಹೊಡೆತವನ್ನು ಇಟ್ಟಿದ್ದವು. ಎಷ್ಟೋ ಸಲ ಅದು ಎದುರಾಳಿಯ ಗಮನವನ್ನು ಹಿಡಿದ ಕೈಯಿಂದ ಬೇರೆಡೆಗೆ ಸೆಳೆಯುವುದಕ್ಕಷ್ಟೇ ಸಾಕಾಗುತ್ತಿತ್ತು. ಮುಖದ ಮುಂದೆ ಅಂಗೈ ಬೀಸುವುದು, ಮುಂಗಾಲಿನ ಎಲುಬಿಗೆ ಒದೆಯುವುದು, ಕಿರುಚುವುದು ಎಲ್ಲವೂ ಆ ಕೆಲಸ ಮಾಡುತ್ತವೆ. ಕಿರುಚುವುದನ್ನು ತರಗತಿಯಲ್ಲಿ ಯಾರೂ ಅಭ್ಯಾಸ ಮಾಡುವುದಿಲ್ಲ, ನಾಚಿಕೆ. ಗಾಬರಿಯಾದಾಗ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಅದನ್ನೂ ಮೊದಲೇ ಪಳಗಿಸಿರಬೇಕು. ನಮ್ಮಲ್ಲಿ ಪ್ರತಿಯೊಂದು ಬಿಡಿಸಿಕೊಳ್ಳುವಿಕೆಯ ಜೊತೆಗೂ "ಬಿಡು!" ಎಂದು ಗಟ್ಟಿಯಾಗಿ ಕೂಗುವ ನಿಯಮ ಮಾಡಿದ್ದೇವೆ. ಮೊದಲ ವಾರ ಎಲ್ಲರೂ ನಗುತ್ತಾರೆ.

ಬಿಳಿಪಟ್ಟಿ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ತಮ್ಮನನ್ನು ಮತ್ತೆ ಕರೆದೆ, ಈ ಸಲ ನಿಂತಲ್ಲೇ ಹಿಡಿಯಬೇಡ, ಬಾಗಿಲಿನ ಕಡೆಗೆ ಎಳೆ ಎಂದೆ. ಅವನು ಎಳೆದ ದಿಕ್ಕಿಗೇ ಹೆಜ್ಜೆಯಿಟ್ಟು ಮೊಣಕೈಯನ್ನು ಅವನ ಮೊಣಕೈಯ ಕಡೆಗೆ ಒಯ್ದಾಗ ಕೈ ಹೇಗೆ ಬಿಡಿಸಿಕೊಂಡಿತೋ ನನಗೇ ತಿಳಿಯಲಿಲ್ಲ. ಅವನು ತನ್ನ ಹೆಬ್ಬೆರಳನ್ನು ಉಜ್ಜಿಕೊಳ್ಳುತ್ತಿದ್ದ. ಹತ್ತು ಸಲದಲ್ಲಿ ಆರು ಸಲ ಬಂತು. ಅವನು ಪಟ್ಟನ್ನು ಊಹಿಸಿ ಮೊದಲೇ ಮೊಣಕೈಯನ್ನು ಮೈಗೆ ಒತ್ತಿಕೊಂಡಾಗ ಬರಲಿಲ್ಲ. ಎರಡೂ ಕೈಗಳಿಂದ ಒಂದೇ ಮಣಿಕಟ್ಟನ್ನು ಹಿಡಿದಾಗಲಂತೂ ಒಮ್ಮೆಯೂ ಬರಲಿಲ್ಲ. ಚಾಕುವಿನ ಪಾಠಕ್ಕೆ ಸ್ಕೆಚ್ ಪೆನ್ ಒಯ್ಯಬಹುದೇ ಎಂದು ತರಗತಿಯಲ್ಲಿ ಕೇಳಿದ್ದೇನೆ, ನಮ್ಮ ಶಿಕ್ಷಕರು ಸ್ವಲ್ಪ ಯೋಚಿಸಿ ಒಪ್ಪಿದರು.

ಹಳೆಚಾಪೆ

ಹತ್ತರಲ್ಲಿ ಆರು ಎಂಬುದು ನಿಜವಾದ ಲೆಕ್ಕ, ತರಗತಿಯ ನೂರಕ್ಕೆ ನೂರಕ್ಕಿಂತ ಅದನ್ನು ನಾನು ಹೆಚ್ಚು ನಂಬುತ್ತೇನೆ. ಎರಡು ಕೈಯ ಹಿಡಿತಕ್ಕೆ: ಸಿಕ್ಕಿಕೊಂಡ ಕೈಯನ್ನು ಮುಷ್ಟಿ ಮಾಡಿ, ಬಿಡುವಾಗಿರುವ ಕೈಯನ್ನು ಅವನ ಎರಡು ತೋಳುಗಳ ನಡುವಿನಿಂದ ಮೇಲಿಂದ ಇಳಿಸಿ ನಿಮ್ಮ ಮುಷ್ಟಿಯನ್ನೇ ಹಿಡಿದುಕೊಳ್ಳಿ. ಒಂದು ಹೆಜ್ಜೆ ಒಳಗೆ ಇಟ್ಟು, ಮೊಣಕೈಯನ್ನು ಮುಂದೊತ್ತುತ್ತ, ಎರಡೂ ಕೈಗಳನ್ನು ಬಿಡುವಾಗಿದ್ದ ಕೈಯ ಕಡೆಯ ನಿಮ್ಮ ಭುಜದತ್ತ ಮೇಲಕ್ಕೆ ತನ್ನಿ. ಅವನ ಎರಡು ಹೆಬ್ಬೆರಳುಗಳೂ ಮೇಲ್ಗಡೆಯೇ ಇರುವುದರಿಂದ ಹಿಡಿತ ಬಿಡುವುದು ಅಲ್ಲಿಯೇ. ಎಳೆಯಬೇಡಿ.